ಕೆಡದ ಮೋಟಾರು

ಅವಳ ದೋಣಿಯ ಬೆನ್ನಿಗೆ ಬೇರೆ ಮೋಟಾರು ಕೂತಿತ್ತು.

ಭಾನುವಾರ ಬೆಳಿಗ್ಗೆ ಶೆಡ್ಡಿನ ಶಟರ್ ಎತ್ತಿ, ಕಾಫಿ ಲೋಟ ಹಿಡಿದುಕೊಂಡು ಜೆಟ್ಟಿಯ ಕಡೆ ಕಣ್ಣು ಹಾಯಿಸಿದವನು ಹಾಗೇ ನಿಂತುಬಿಟ್ಟೆ. ಸಾಲಾಗಿ ಕಟ್ಟಿದ ದೋಣಿಗಳಲ್ಲಿ ಅವಳದು ಕೊನೆಯದು. ಒಬ್ಬರೇ ನಡೆಸಬಹುದಾದ ಪುಟ್ಟ ಹಾಯಿದೋಣಿ, ನೀಲಿ ಅಂಚಿನದು. ಇಷ್ಟು ವರ್ಷ ಅದರ ಹಿಂಬದಿಯಲ್ಲಿ ಮಸಿ ಹಿಡಿದ ನಮ್ಮ ಹಳೇ ಪೆಟ್ರೋಲ್ ಮೋಟಾರು ನೇತಾಡುತ್ತಿತ್ತು. ಈಗ ಅಲ್ಲಿ ಬೆಳ್ಳಗೆ, ತೆಳ್ಳಗೆ, ಮೈಮೇಲೆ ಒಂದು ಗೀರೂ ಇಲ್ಲದ ಎಲೆಕ್ಟ್ರಿಕ್ ಮೋಟಾರು. ಮದುವೆಮನೆಗೆ ಹೊರಟವರ ಹಾಗೆ ಮಿಂಚುತ್ತಿತ್ತು.

'ನಮ್ಮ' ಅಂದೆನಲ್ಲ, ಹಳೇ ಮೋಟಾರು ಅವಳದೇ. ಆದರೆ ಅದರ ಒಂದೊಂದು ನಟ್ಟೂ ಎಷ್ಟೋ ಸಲ ನನ್ನ ಕೈಯಲ್ಲಿ ಬಿಚ್ಚಿ ಮತ್ತೆ ಕೂತದ್ದು. ಹಾಗಾಗಿ ಅದು ನಮ್ಮದು ಅಂತ ನಾನೊಬ್ಬನೇ ತೀರ್ಮಾನ ಮಾಡಿಕೊಂಡಿದ್ದೆ. ಅವಳನ್ನು ಯಾರು ಕೇಳಿದರು?

ಗಾಳಿಯಲ್ಲಿ ಓಡುವ ದೋಣಿಗೆ ಮೋಟಾರು ಯಾಕೆ ಅಂತ ಕೇಳುವ ಬುದ್ಧಿವಂತರಿದ್ದಾರೆ. ನಮ್ಮ ಬಂದರಿನ ಬಾಯಿ ಕಿರಿದು, ಎರಡೂ ಕಡೆ ಕಲ್ಲುಗೋಡೆ. ಅಲ್ಲಿಗೆ ಬರುವ ಹೊತ್ತಿಗೆ ಗಾಳಿ ಹುಚ್ಚು ಹಿಡಿದಂತೆ ಸುತ್ತುತ್ತದೆ, ಇಲ್ಲವೇ ಪೂರಾ ಸತ್ತುಹೋಗುತ್ತದೆ. ಹಾಯಿ ಇಳಿಸಿ ಮೋಟಾರು ಹಚ್ಚಿದರೆ ಮಾತ್ರ ಮನೆ ಸೇರುತ್ತೀರಿ. ಆ ಹೊತ್ತಿಗೆ ಹತ್ತಿಕೊಳ್ಳದ ಮೋಟಾರು ಇದ್ದರೂ ಒಂದೇ, ಬಿಟ್ಟರೂ ಒಂದೇ.

ಅವಳು ನನ್ನ ಶೆಡ್ಡಿಗೆ ಮೊದಲು ಬಂದದ್ದೂ ಇದೇ ಕಾರಣಕ್ಕೆ. ಅವಳ ಕನ್ನಡಕದಂಗಡಿ ನನ್ನ ಶೆಡ್ಡಿನ ಎದುರಿಗೇ, ರಸ್ತೆಯ ಆಚೆ. ಮೋಟಾರನ್ನು ಕಂಕುಳಲ್ಲಿ ಎತ್ತಿಕೊಂಡು, ಕೆನ್ನೆಗೆಲ್ಲ ಗ್ರೀಸ್ ಬಳಿದುಕೊಂಡು ಬಂದಿದ್ದಳು.

"ಸ್ಟಾರ್ಟ್ ಆಗುತ್ತೆ, ಸ್ವಲ್ಪ ದೂರ ಹೋಗುತ್ತೆ, ಆಮೇಲೆ ಸಾಯುತ್ತೆ," ಅಂದಳು.

"ಟ್ಯಾಂಕಿನ ಮುಚ್ಚಳದ ಮೇಲಿರೋ ಗಾಳಿ ಸ್ಕ್ರೂ ಸಡಿಲ ಮಾಡಿದ್ರಾ?"

"ಅದೇನದು?"

ತೋರಿಸಿದೆ. ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋಗಬೇಕಾದರೆ ಅಷ್ಟು ಗಾಳಿ ಒಳಗೆ ಬರಬೇಕು. ಸ್ಕ್ರೂ ಬಿಗಿಯಾಗಿದ್ದರೆ ಟ್ಯಾಂಕು ಉಸಿರುಗಟ್ಟಿ ಕೂರುತ್ತದೆ, ಮೋಟಾರಿಗೆ ಒಂದು ಹನಿ ಬಿಡುವುದಿಲ್ಲ. ಜೆಟ್ಟಿಯ ಅರ್ಧ ಜನ ಇದೊಂದನ್ನು ಮರೆತು ನನ್ನ ಬಾಗಿಲಿಗೆ ಬರುತ್ತಾರೆ. ಬೈದು ಬೈದು ಸಾಕಾಗಿ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದೇನೆ: 'ಮೊದಲು ಗಾಳಿ ಸ್ಕ್ರೂ ನೋಡಿ. ಆಮೇಲೆ ನನ್ನನ್ನು ನೋಡಿ.'

ಅವಳು ಗೋಡೆ ಓದಿದಳು. ಕನ್ನಡಕ ತೆಗೆದು ದುಪಟ್ಟಾದ ಅಂಚಿನಲ್ಲಿ ನಿಧಾನಕ್ಕೆ ಒರೆಸಿ, ಮತ್ತೆ ಹಾಕಿಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಸರಿ. ಸ್ಕ್ರೂ ನೋಡಿ ಆಯ್ತು. ಈಗ ನಿಮ್ಮನ್ನ ನೋಡ್ತಿದ್ದೀನಿ," ಅಂದಳು.

ಆವತ್ತು ನನ್ನ ತಲೆಯ ಯಾವ ಸ್ಕ್ರೂ ಸಡಿಲವಾಯಿತೋ, ಇವತ್ತಿನವರೆಗೂ ಬಿಗಿಯಾಗಿಲ್ಲ.

ಆ ಮೋಟಾರಿಗೆ ಅವಳು 'ಅಜ್ಜ' ಅಂತ ಹೆಸರಿಟ್ಟಳು. "ಅಜ್ಜನಿಗೆ ಇವತ್ತು ಮೂಡ್ ಇಲ್ಲ" ಅಂತಲೋ, "ಅಜ್ಜ ಕೆಮ್ಮುತ್ತಿದ್ದಾನೆ ಮೆಕ್ಯಾನಿಕ್ರೇ" ಅಂತಲೋ ಬರುತ್ತಿದ್ದಳು. ನಾನು ಅವಳನ್ನು 'ಡಾಕ್ಟ್ರೇ' ಅನ್ನುತ್ತಿದ್ದೆ. "ಕನ್ನಡಕ ಮಾರೋರು ಡಾಕ್ಟ್ರಲ್ಲ" ಅಂತ ಅವಳು ತಿದ್ದುತ್ತಿದ್ದಳು. ನಾನು ಕಾರ್ಬರೇಟರ್ ಬಿಚ್ಚಿ ತೊಳೆಯುವಷ್ಟು ಹೊತ್ತು ಸ್ಟೂಲಿನ ಮೇಲೆ ಕೂತು ಕಾಲಾಡಿಸುತ್ತಾ ಹರಟುತ್ತಿದ್ದಳು. ಅಷ್ಟೇ ನನ್ನ ಸುಖ.

ಆ ಸುಖಕ್ಕೆ ಒಂದು ಶಾಪವಿತ್ತು. ನಾನು ಕೆಲಸ ಚೆನ್ನಾಗಿ ಮಾಡಿದಷ್ಟೂ ಅವಳು ಬರುವುದು ತಡವಾಗುತ್ತಿತ್ತು. ಒಂದು ಸಲ ಮನಸ್ಸಿಟ್ಟು ಮಾಡಿದ ರಿಪೇರಿಗೆ ಅಜ್ಜ ಇಡೀ ಬೇಸಿಗೆ ಕೆಡದೇ ಓಡಿದ. ಆ ಬೇಸಿಗೆ ನನಗೆ ಹೇಗೆ ಕಳೆಯಿತು ಅಂತ ನನಗೇ ಗೊತ್ತು.

"ಒಂದು ನಟ್ಟು ಅರ್ಧ ಬಿಗಿ ಮಾಡಿ ಕಳಿಸೋ, ವಾರಕ್ಕೊಂದ್ಸಲ ಬರ್ತಾಳೆ," ಅಂತ ನನ್ನ ಅಕ್ಕ ಕೀಟಲೆ ಮಾಡುತ್ತಿದ್ದಳು. ಅಕ್ಕ ಜೆಟ್ಟಿಯ ಪೆಟ್ರೋಲ್ ಪಂಪ್ ನೋಡಿಕೊಳ್ಳುತ್ತಾಳೆ. ದೋಣಿಗಳಿಗೆ ಪೆಟ್ರೋಲ್ ಜತೆ ಸುದ್ದಿಯನ್ನೂ ತುಂಬಿ ಕಳಿಸುವವಳು ಅವಳೇ.

"ಕೈ ಬರಲ್ಲ ಅಕ್ಕ," ಅನ್ನುತ್ತಿದ್ದೆ.

"ಕೈ ಬರಲ್ಲ, ಬಾಯೂ ಬರಲ್ಲ. ನಿನಗೇನು ತಾನೇ ಬರುತ್ತೋ?"

ಹೀಗಿರುವಾಗ ಆ ಬಿಳಿ ಶರ್ಟು ಬಂದ.

ಎಲೆಕ್ಟ್ರಿಕ್ ಮೋಟಾರಿನ ಕಂಪನಿಯವನು. ಎತ್ತರದ ಆಳು, ಮೆತ್ತಗಿನ ಮಾತು. ದಿನಾ ಬಿಳಿ ಶರ್ಟು, ಅದರ ಮೇಲೆ ಒಂದು ಕಲೆಯಾದರೂ ಬೇಡವೇ? ಬಂದರಿನಲ್ಲಿ ನಿಂತ ಗಂಡಸಿಗೆ ಕಲೆಯಾಗದಿದ್ದರೆ ಅವನು ಕೆಲಸ ಮಾಡುತ್ತಿಲ್ಲ ಅಂತಲೇ ಅರ್ಥ. 'ಟ್ರಯಲ್' ಅಂತ ಹೇಳಿ ಅವಳ ದೋಣಿಗೆ ಹೊಸ ಮೋಟಾರು ಕೂರಿಸಿದವನು ಅವನೇ. ಅಜ್ಜ ಆಗ ನನ್ನ ಶೆಡ್ಡಿನಲ್ಲಿದ್ದ. ರಿಪೇರಿ ಮುಗಿಸಿ, ಒರೆಸಿ, ಸ್ಟ್ಯಾಂಡಿಗೆ ಹಾಕಿ, ಇವತ್ತು ಬರುತ್ತಾಳೆ ನಾಳೆ ಬರುತ್ತಾಳೆ ಅಂತ ನಾನು ಕಾಯುತ್ತಿದ್ದೆ.

ಅವಳು ಬರಲಿಲ್ಲ. ಅವನು ಬಂದ, ದಿನಾ ಬಂದ. ಶೆಡ್ಡಿನಿಂದ ನನಗೆ ಎಲ್ಲವೂ ಕಾಣಿಸುತ್ತಿತ್ತು. ಅವಳ ದೋಣಿಯ ಅಂಚಿಗೆ ಕೂತು ಫೋನಿನಲ್ಲಿ ಬ್ಯಾಟರಿ ಎಷ್ಟಿದೆ ಅಂತ ತೋರಿಸುತ್ತಿದ್ದ. ಇಬ್ಬರ ತಲೆಯೂ ಒಂದೇ ಫೋನಿನ ಮೇಲೆ ಬಾಗಿರುತ್ತಿತ್ತು. ಏನೋ ಹೇಳಿದ, ಅವಳು ನಕ್ಕಳು. ನನ್ನ ಕೈಯಲ್ಲಿದ್ದ ಬೋಲ್ಟು ಮಿತಿಮೀರಿ ತಿರುಗಿ ಅದರ ತಿರುಪಿನ ಸುತ್ತೇ ಸವೆದುಹೋಯಿತು.

ಅದನ್ನಾದರೂ ಸಹಿಸಿಕೊಂಡೆ. ಆಮೇಲೊಂದು ಮಧ್ಯಾಹ್ನ ಅವಳ ಅಂಗಡಿಯ ಗಾಜಿನಾಚೆ ಅವನು ಕುರ್ಚಿಯಲ್ಲಿ ಕೂತಿದ್ದ. ಅವಳು ಎದುರಿಗೆ ಬಾಗಿ, ಹೊಸ ಕನ್ನಡಕವನ್ನು ಎರಡೂ ಕೈಯಿಂದ ಅವನ ಕಿವಿಗಳ ಹಿಂದೆ ಕೂರಿಸುತ್ತಿದ್ದಳು. ಕೂದಲು ಸರಿಸಿದಳು. ತಲೆ ಓರೆ ಮಾಡಿ ನೋಡಿದಳು. ಮತ್ತೊಮ್ಮೆ ಕಿವಿಯ ಹತ್ತಿರ ಬೆರಳಿಟ್ಟು ಒತ್ತಿದಳು. ನನಗೆ ಹೊಟ್ಟೆಯೊಳಗೆ ಯಾರೋ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದಂತಾಯಿತು. ಪುಣ್ಯವಂತ, ಅವನ ಕಣ್ಣು ಕೆಟ್ಟಿದೆ. ನನ್ನ ಗ್ರಹಚಾರಕ್ಕೆ ನನ್ನ ಕಣ್ಣು ಹದ್ದಿನ ಕಣ್ಣು. ಅಷ್ಟು ದೂರದಿಂದಲೂ ಅವಳ ಬೆರಳಿನ ಉಂಗುರ ಲೆಕ್ಕ ಹಾಕಿದೆ.

ಮರುದಿನ ಅವಳೇ ಶೆಡ್ಡಿನ ಬಾಗಿಲಿಗೆ ಬಂದಳು. ಸ್ಟೂಲಿನ ಮೇಲೆ ಕೂರಲಿಲ್ಲ.

"ಅಜ್ಜ ಹೇಗಿದ್ದಾನೆ?"

"ರೆಡಿ ಇದೆ. ತಗೊಂಡು ಹೋಗೋರಿದ್ರೆ ತಗೊಂಡು ಹೋಗಿ. ಜಾಗ ಬೇಕು ನನಗೆ."

"ಸದ್ಯಕ್ಕೆ ಇಲ್ಲೇ ಇರಲಿ. ಹೊಸದು ಚೆನ್ನಾಗಿ ಓಡ್ತಿದೆ."

"ಬ್ಯಾಟರಿ ಅಲ್ವಾ. ಇವತ್ತಲ್ಲ ನಾಳೆ ಕೈ ಕೊಡುತ್ತೆ."

"ಕೊಡದೇ ಇದ್ರೆ?" ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. "ಅದು ಯಾವತ್ತೂ ಕೆಡದೇ ಇದ್ರೆ ಏನ್ ಮಾಡ್ತೀರಿ ಮೆಕ್ಯಾನಿಕ್ರೇ?"

ಆ ಪ್ರಶ್ನೆಗೆ ನೂರು ಉತ್ತರವಿತ್ತು. ನನ್ನ ಬಾಯಿಂದ ಬಂದದ್ದು ನೂರ ಒಂದನೆಯದು.

"ನನಗೇನು? ಒಂದು ಕೆಲಸ ಕಮ್ಮಿ."

ಅವಳ ಮುಖ ಸಪ್ಪಗಾಯಿತು. "ಸರಿ ಹಾಗಾದ್ರೆ," ಅಂತ ತಿರುಗಿ ರಸ್ತೆ ದಾಟಿದಳು. ನಾಲಿಗೆ ಕಚ್ಚಿಕೊಂಡೆ, ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅದರ ಮುಂದಿನ ಭಾನುವಾರ ಮಧ್ಯಾಹ್ನ ಅಕ್ಕ ಪಂಪಿನಿಂದ ನೇರ ಶೆಡ್ಡಿಗೆ ಬಂದಳು. ಮುಖದಲ್ಲಿ ತಮಾಷೆ ಇರಲಿಲ್ಲ.

"ಆ ಮೋಟಾರಿನವನು ಅವಳನ್ನ ಮದುವೆಗೆ ಕೇಳಿದ್ದಾನಂತೆ ಕಣೋ. ಇವತ್ತು ಸಂಜೆ ಹೇಳ್ತೀನಿ ಅಂದಿದ್ದಾಳಂತೆ. ಅವನೇ ಪೆದ್ದುಪೆದ್ದಾಗಿ ನನ್ನ ಹತ್ರ ಹೇಳ್ಕೊಂಡ, ಪಾಪ."

"ಪಾಪ ಯಾಕೆ?"

"ಅವನಿಗಲ್ಲ, ನಿನಗೆ ಪಾಪ ಅಂದೆ. ಅವಳು ದೋಣಿ ತಗೊಂಡು ಒಬ್ಬಳೇ ಹೋದಳು. ಇನ್ನೂ ಇಲ್ಲೇ ಕೂತು ಪ್ಲಗ್ ಉಜ್ಜುತ್ತಾ ಇರು."

ಎದ್ದೆ. ಏನು ಹೇಳಬೇಕು ಅಂತ ಗೊತ್ತಿರಲಿಲ್ಲ, ಹೋಗಬೇಕು ಅಂತ ಮಾತ್ರ ಗೊತ್ತಿತ್ತು. ಮೋಟಾರು ಟೆಸ್ಟ್ ಮಾಡಲು ನನ್ನದೊಂದು ಚಪ್ಪಟೆ ದೋಣಿಯಿದೆ, ಅದಕ್ಕೆ ನನ್ನದೇ ಒಂದು ಪೆಟ್ರೋಲ್ ಮೋಟಾರೂ ಇದೆ. ಮೂಲೆಯಲ್ಲಿದ್ದ ಟ್ಯಾಂಕು ಎಳೆದು ದೋಣಿಗಿಟ್ಟೆ, ಪೈಪು ಸಿಕ್ಕಿಸಿದೆ, ಮೋಟಾರು ಹಚ್ಚುವ ಹಗ್ಗ ಎಳೆದೆ. ಒಂದೇ ಎಳೆತಕ್ಕೆ ಹತ್ತಿಕೊಂಡಿತು. ನೋಡು, ಇದು ಮೋಟಾರು, ಅಂತ ಮನಸ್ಸಿನಲ್ಲೇ ಬಿಳಿ ಶರ್ಟಿಗೆ ಹೇಳಿದೆ.

ಕಲ್ಲುಗೋಡೆ ದಾಟಿದೆ. ದೂರದಲ್ಲಿ ಅವಳ ಹಾಯಿ ಕಾಣಿಸಿತು. ಗಾಳಿ ಕಡಿಮೆ, ಹಾಯಿ ಅರೆನಿದ್ದೆಯಲ್ಲಿತ್ತು. ಇನ್ನೇನು ಕೂಗಿದರೆ ಕೇಳಿಸಬೇಕು ಅನ್ನುವಷ್ಟರಲ್ಲಿ ನನ್ನ ಮೋಟಾರು ಒಮ್ಮೆ ಬಿಕ್ಕಿತು, ಇನ್ನೊಮ್ಮೆ ಬಿಕ್ಕಿತು, ನಿಂತಿತು.

ಹಗ್ಗ ಎಳೆದೆ. ಮತ್ತೆ ಎಳೆದೆ. ಪ್ಲಗ್ ತೆಗೆದು ನೋಡಿದೆ, ಒಣಗಿತ್ತು. ಪೈಪು ಊದಿದೆ, ಫಿಲ್ಟರ್ ಬಿಚ್ಚಿದೆ, ಮತ್ತೆ ಹಾಕಿದೆ. ಬೆವರು ಕಣ್ಣಿಗಿಳಿಯಿತು. ಹುಟ್ಟು ಹಾಕಿ ಹೋಗೋಣವೆಂದರೆ ಅದು ಶೆಡ್ಡಿನ ಗೋಡೆಗೆ ಒರಗಿ ನಿಂತಿತ್ತು. ಬಂದರಿನ ಮೋಟಾರು ವೈದ್ಯನಾದ ನಾನು ನಡುನೀರಿನಲ್ಲಿ ತೇಲುತ್ತಾ ಕೂತೆ.

ಅವಳು ಬಂದದ್ದು ಕೇಳಿಸಲೇ ಇಲ್ಲ. ತಲೆ ಎತ್ತಿದರೆ ಹಾಯಿ ಇಳಿಸಿಕೊಂಡು, ಆ ಬಿಳಿ ಮೋಟಾರಿನ ಮೇಲೆ ಕೈಯಿಟ್ಟುಕೊಂಡು ಪಕ್ಕದಲ್ಲೇ ಇದ್ದಳು.

"ಏನಾಯ್ತು ಮೆಕ್ಯಾನಿಕ್ರೇ?"

"ಏನಿಲ್ಲ. ಟೆಸ್ಟಿಂಗು."

"ಓ. ನಿಲ್ಲೋದನ್ನ ಟೆಸ್ಟ್ ಮಾಡ್ತಿದ್ದೀರಾ?" ಹಗ್ಗ ಎಸೆದಳು. "ಕಟ್ಟಿ. ಅಜ್ಜ ಇದ್ದಿದ್ರೆ ನಿಮ್ಮನ್ನ ಎಳ್ಕೊಂಡು ಹೋಗೋಕೆ ಅವನಿಗೆ ದಮ್ಮು ಸಾಲ್ತಿರಲಿಲ್ಲ. ಇದು ಎಳೆಯುತ್ತೆ."

ಕಟ್ಟಿದೆ. ಬೇರೆ ದಾರಿಯಿದ್ದರೆ ತಾನೇ?

ಅವಳ ದೋಣಿ ಮುಂದೆ, ನನ್ನದು ಹಿಂದೆ, ನಡುವೆ ಹಗ್ಗ. ಆ ಶನಿ ಮೋಟಾರು ಸದ್ದೇ ಇಲ್ಲದೆ ನನ್ನನ್ನು ಎಳೆಯುತ್ತಿತ್ತು. ನೀರು ಸರಿಯುವುದು ಮಾತ್ರ ಕೇಳುತ್ತಿತ್ತು. ಎಷ್ಟು ಹುಳುಕು ಹುಡುಕಿದರೂ ಒಂದು ಸಿಗಲಿಲ್ಲ. ಅದು ಚೆನ್ನಾಗಿತ್ತು, ಅದೇ ನನ್ನ ಉರಿ.

"ಅವನಿಗೆ ಏನಂತ ಉತ್ತರ ಕೊಡ್ತೀರಿ?" ಅಂತ ನನ್ನ ಬಾಯಿ ಕೇಳಿಬಿಟ್ಟಿತು.

ಅವಳು ತಿರುಗಲಿಲ್ಲ. "ಯಾರಿಗೆ?"

"ಆ ಬಿಳಿ ಶರ್ಟಿಗೆ."

"ಅವರಿಗೊಂದು ಹೆಸರಿದೆ."

"ನನಗೆ ಬೇಕಾಗಿಲ್ಲ."

"ಒಳ್ಳೆ ಮನುಷ್ಯ. ಮನಸ್ಸಲ್ಲಿತ್ತು, ನೇರ ಬಂದು ಕೇಳಿದ್ರು. ಏನಾದ್ರೂ ಕೆಡೋವರೆಗೂ ಕಾಯ್ತಾ ಕೂರಲಿಲ್ಲ."

ನಾನು ಹಗ್ಗದ ಗಂಟು ಮತ್ತೊಮ್ಮೆ ಬಿಗಿದೆ. ಅವಳು ಮುಂದುವರಿಸಿದಳು.

"ನನ್ನ ಅಂಗಡಿ ನಿಮ್ಮ ಎದುರಿಗೇ ಇದೆ. ಇಷ್ಟು ವರ್ಷದಲ್ಲಿ ಒಂದು ದಿನ ಒಳಗೆ ಬಂದಿದ್ದೀರಾ?"

"ನನ್ನ ಕಣ್ಣು ಚೆನ್ನಾಗಿದೆ."

"ಗೊತ್ತು. ನನ್ನ ಹತ್ರ ಬರೋಕೆ ನಿಮ್ಮ ಕಣ್ಣು ಕೆಡಬೇಕಾ?" ಈಗ ಅರ್ಧ ತಿರುಗಿದಳು. ಗಾಳಿಗೆ ಕೂದಲು ಬಾಯಿಗೆ ಬರುತ್ತಿತ್ತು, ಸರಿಸುತ್ತಾ ಮಾತಾಡಿದಳು. "ಪ್ರತಿ ಸಲ ನಾನೇ ಬರ್ತಿದ್ದೆ. ಅಜ್ಜನ ಕೆಮ್ಮು ನನಗೊಂದು ನೆಪ. ಅರ್ಧಕ್ಕರ್ಧ ಸಲ ಅವನಿಗೆ ಕೆಮ್ಮೇ ಇರ್ತಿರಲಿಲ್ಲ, ನಿಮಗೆ ಗೊತ್ತಾಗ್ಲಿಲ್ವಾ? ಕೆಡದೇ ಇರೋ ಮೋಟಾರು ಒಂದು ಹಾಕಿ ನೋಡೋಣ, ಈ ಮನುಷ್ಯ ರಸ್ತೆ ದಾಟ್ತಾನಾ ಅಂತ ಟ್ರಯಲ್ ತಗೊಂಡೆ. ರಸ್ತೆ ಅಲ್ಲೇ ಇದೆ, ನೀವೂ ಅಲ್ಲೇ ಇದ್ದೀರಿ. ಬಾಗಿಲಿಗೆ ಬಂದು ಕೇಳಿದ್ರೆ 'ಒಂದು ಕೆಲಸ ಕಮ್ಮಿ' ಅಂತೀರಿ."

ಟ್ರಯಲ್ ಮೋಟಾರಿಗಲ್ಲ, ನನಗೆ ನಡೆದಿತ್ತು. ಅಷ್ಟು ಹೊತ್ತು ಅವನ ಮೇಲೆ ಕೋಪ ಮಾಡಿಕೊಂಡು ಕೂತಿದ್ದವನಿಗೆ ಯಾರ ಮೇಲೆ ಕೋಪ ಮಾಡಬೇಕೆಂದು ತಿಳಿಯದೆ ಹೋಯಿತು.

ಸ್ವಲ್ಪ ದೂರ ಹೋದ ಮೇಲೆ ಅವಳು ಏನೋ ನೆನಪಾದವಳಂತೆ ಕೇಳಿದಳು. "ಅಂದ ಹಾಗೆ, ಗಾಳಿ ಸ್ಕ್ರೂ ನೋಡಿದ್ರಾ?"

ಟ್ಯಾಂಕಿನ ಕಡೆ ನೋಡಿದೆ. ಬಿಗಿಯಾಗಿತ್ತು. ದೀಪದ ಬುಡದಲ್ಲೇ ಕತ್ತಲೆ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಜೆಟ್ಟಿಗೆಲ್ಲ ಬುದ್ಧಿ ಹೇಳಿ ಗೋಡೆಗೆ ಬಣ್ಣ ಬಳಿಸಿದ ನಾನು, ಹೊಟ್ಟೆಕಿಚ್ಚಿನಲ್ಲಿ ಅದೊಂದನ್ನೇ ಮರೆತಿದ್ದೆ. ಮೆಲ್ಲಗೆ, ಅವಳಿಗೆ ಕಾಣದಂತೆ ತಿರುಗಿಸಿದೆ. ಟ್ಯಾಂಕು 'ಸ್‌ಸ್' ಅಂತ ಉದ್ದಕ್ಕೆ ಉಸಿರೆಳೆದುಕೊಂಡಿತು. ಆ ಮೌನದಲ್ಲಿ ಬಂದರಿನವರೆಗೂ ಕೇಳಿಸಿರಬೇಕು. ಅವಳ ಬೆನ್ನು ನಗುವಿಗೆ ಅಲುಗಾಡಿತು.

ಈಗ ಮೋಟಾರಿನ ಹಗ್ಗ ಎಳೆದರೆ ಅದು ಹತ್ತಿಕೊಳ್ಳುತ್ತಿತ್ತು. ಅವಳ ಕಟ್ಟು ಬಿಚ್ಚಿ, ನನ್ನ ಪಾಡಿಗೆ ನಾನು ಗಂಡಸಿನ ಹಾಗೆ ಬಂದರು ಸೇರಬಹುದಿತ್ತು. ಜೆಟ್ಟಿಯ ಮೇಲೆ ಅಕ್ಕ ಇರುತ್ತಾಳೆ, ಬಿಳಿ ಶರ್ಟು ಇರುತ್ತಾನೆ. ಎಳೆಸಿಕೊಂಡು ಹೋದರೆ ವರ್ಷವಿಡೀ ಆಡಿಕೊಳ್ಳುತ್ತಾರೆ. ಕೈ ಮೋಟಾರಿನ ಹಗ್ಗದ ಹಿಡಿಯ ಮೇಲೆ ಹೋಯಿತು.

ಆದರೆ ನನ್ನ ಮೋಟಾರು ಹತ್ತಿಕೊಂಡರೆ ಮಾತು ಕೇಳಿಸುವುದಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡೆ.

"ಅವತ್ತು ನೀವು ಅವನ ಕಿವಿಗೆ ಕನ್ನಡಕ ಕೂರಿಸ್ತಿದ್ರಿ," ಅಂದೆ.

"ಅದು ನನ್ನ ಕೆಲಸ."

"ಗೊತ್ತು. ಆದರೂ ಆ ದಿನ ನಾನು ಊಟ ಮಾಡಲಿಲ್ಲ."

ಅವಳು ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ.

"ಅಜ್ಜನ್ನ ರಿಪೇರಿ ಮಾಡುವಾಗಲೆಲ್ಲ, ಇದು ಕೆಡದೇ ಇದ್ರೆ ನೀನು ಬರಲ್ಲ ಅಂತ ನನಗೆ ಗೊತ್ತಿರ್ತಿತ್ತು. ಆದರೂ ಕೆಡಬಾರದು ಅಂತಲೇ ಮಾಡ್ತಿದ್ದೆ. ನೀನು ಒಬ್ಬಳೇ ಆ ಕಲ್ಲುಗೋಡೆ ಮಧ್ಯೆ ಸಿಕ್ಕಿಹಾಕ್ಕೋಬಾರದು ಅಂತ. ಬರದೇ ಇದ್ರೂ ಪರವಾಗಿಲ್ಲ, ಕ್ಷೇಮವಾಗಿ ಒಳಗೆ ಬಂದೆ ಅಂತ ಶೆಡ್ಡಿನಿಂದ ನೋಡಿದ್ರೆ ಸಾಕು ಅಂತ. ನನಗೆ ನಿನ್ನ ಮೇಲೆ ಪ್ರೀತಿ ಇದೆ. ಬಾಯಿ ಬರ್ತಿರಲಿಲ್ಲ, ಅಷ್ಟೇ."

'ನೀವು' ಯಾವಾಗ ಜಾರಿಹೋಯಿತೋ ನಾನು ಗಮನಿಸಿರಲಿಲ್ಲ.

ಅವಳು ಮೋಟಾರು ನಿಲ್ಲಿಸಿದಳು. ಹಗ್ಗ ಸಡಿಲವಾಯಿತು. ನನ್ನ ದೋಣಿ ತಾನಾಗಿ ತೇಲಿಕೊಂಡು ಹೋಗಿ ಅವಳದಕ್ಕೆ ಮೆಲ್ಲಗೆ ತಾಗಿತು. ಅವಳು ಕೈಚಾಚಿ ನನ್ನ ದೋಣಿಯ ಅಂಚು ಹಿಡಿದುಕೊಂಡಳು. ಅಷ್ಟು ಹತ್ತಿರದಲ್ಲಿ ಅವಳ ಕನ್ನಡಕದ ಗಾಜಿನ ಮೇಲೆ ಉಪ್ಪುನೀರಿನ ಚುಕ್ಕೆಗಳು ಕಾಣುತ್ತಿದ್ದವು, ಅದರ ಹಿಂದೆ ಕಣ್ಣು ಒದ್ದೆಯಾಗಿತ್ತು.

"ಇನ್ನೊಂದ್ಸಲ ಹೇಳು," ಅಂದಳು.

"ಯಾವುದನ್ನ?"

"ಎಲ್ಲಾನೂ. ಊಟ ಮಾಡದೇ ಇದ್ದದ್ದನ್ನೂ."

ಹೇಳಿದೆ. ಎರಡನೇ ಸಲ ಸುಲಭವಾಗಿತ್ತು. ಮುಗಿದ ಮೇಲೆ ಅವಳು ಹಿಡಿದಿದ್ದ ಅಂಚು ಬಿಟ್ಟು, ಅಲ್ಲೇ ಇದ್ದ ನನ್ನ ಗ್ರೀಸಿನ ಕೈ ಹಿಡಿದಳು, ಬಿಡಲಿಲ್ಲ. ಬಂದರಿನ ಬಾಯಿ ತನ್ನ ಪಾಡಿಗೆ ತಾನು ಅಲ್ಲೇ ಕಾಯುತ್ತಿತ್ತು.

ಜೆಟ್ಟಿಗೆ ಬಂದಾಗ ನಾನಂದುಕೊಂಡ ಹಾಗೇ ಎಲ್ಲರೂ ಇದ್ದರು. ಅಕ್ಕ ಪಂಪಿನ ಪೈಪು ಕೈಯಲ್ಲಿ ಹಿಡಿದು ಬಾಯಿ ತೆರೆದು ನಿಂತಿದ್ದಳು. ಬಿಳಿ ಶರ್ಟು ಹೊಸ ಕನ್ನಡಕ ಹಾಕಿಕೊಂಡು ತುದಿಯಲ್ಲಿ ಕಾಯುತ್ತಿದ್ದ. ಅವಳು ಮೊದಲು ಅವನ ಹತ್ತಿರವೇ ಹೋದಳು. ನಾನು ದೋಣಿಯಲ್ಲೇ ಕೂತಿದ್ದೆ.

"ಮೋಟಾರು ತುಂಬಾ ಚೆನ್ನಾಗಿದೆ. ಇಟ್ಕೊಳ್ತೀನಿ," ಅಂದಳು. "ನೀವು ಕೇಳಿದ ಇನ್ನೊಂದು ವಿಷಯಕ್ಕೆ, ಆಗಲ್ಲ. ಬೇಜಾರು ಮಾಡ್ಕೋಬೇಡಿ."

ಅವನು ನನ್ನನ್ನು ನೋಡಿದ, ಎರಡು ದೋಣಿಗಳ ನಡುವಿನ ಹಗ್ಗ ನೋಡಿದ. ಕನ್ನಡಕ ತೆಗೆದು ಒರೆಸಿಕೊಂಡ. "ಬೇಜಾರಾಗುತ್ತೆ. ಆದ್ರೆ ಅರ್ಥ ಆಗುತ್ತೆ," ಅಂದ. ಆಮೇಲೆ ಬಾಗಿ, ನನ್ನ ದೋಣಿಯ ಹಗ್ಗ ಹಿಡಿದು ಜೆಟ್ಟಿಯ ಗೂಟಕ್ಕೆ ಕಟ್ಟಿಕೊಟ್ಟ. ಶರ್ಟಿನ ತೋಳಿಗೆ ಮಸಿ ಹತ್ತಿತು. ಹಾಳಾದವನು, ದ್ವೇಷ ಮಾಡುವುದಕ್ಕೂ ಬಿಡಲಿಲ್ಲ.

ಅವನು ಹೋದ ಮೇಲೆ ಅವಳ ಹತ್ತಿರ ನಿಂತು ಗೊಣಗಿದೆ. "ಅವನ ಜತೆ ಅವನ ಮೋಟಾರನ್ನೂ ಕಳಿಸಬಹುದಿತ್ತು."

"ಯಾಕೆ ಕಳಿಸಬೇಕು? ಇದು ಕೆಡಲ್ಲ. ಇನ್ಮೇಲೆ ನಾನು ನಿನ್ನ ಶೆಡ್ಡಿಗೆ ಬಂದ್ರೆ ನಿನ್ನನ್ನ ನೋಡೋಕೇ ಬಂದೆ ಅಂತ ಎಲ್ಲರಿಗೂ ಗೊತ್ತಾಗಲಿ."

ಆ ಬಿಳಿ ಮೋಟಾರು ಸಂಜೆಯ ಬಿಸಿಲಿಗೆ ಹೊಳೆಯುತ್ತಿತ್ತು. ಅದನ್ನು ಕಂಡರೆ ನನಗೆ ಈಗಲೂ ಆಗಿಬರುವುದಿಲ್ಲ, ಮುಂದೆಯೂ ಆಗಿಬರುವುದಿಲ್ಲ.

ಅವಳು ಹಾಯಿ ಮಡಿಸಿ ಚೀಲಕ್ಕೆ ತುಂಬಿ ಹೊರಟಳು. ನಾಲ್ಕು ಹೆಜ್ಜೆ ಹೋಗಲು ಬಿಟ್ಟು ಕರೆದೆ.

"ನಾಳೆ ಅಂಗಡಿ ಎಷ್ಟು ಹೊತ್ತಿಗೆ ತೆಗೀತೀಯ?"

ತಿರುಗಿದಳು. "ಯಾಕೆ? ಏನಾದ್ರೂ ಕೆಟ್ಟಿದೆಯಾ?"

"ಇಲ್ಲ. ಏನೂ ಕೆಟ್ಟಿಲ್ಲ."

"ಹಾಗಾದ್ರೆ ಬೇಗ ತೆಗೀತೀನಿ," ಅಂದಳು.